ಎಡಕ್ಕೆ ಮೂರು ಸುತ್ತು

ಅವನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಗಿರಾಕಿಗಳಿಗೆ ಎಡಚ ಮೇಸ್ತ್ರಿ, ಹೆಂಡತಿಗೆ ಸಿಟ್ಟು ಬಂದಾಗ ಬರೀ ಎಡಚ. ಸ್ಪ್ಯಾನರ್ ಹಿಡಿಯುವುದು, ಸಹಿ ಹಾಕುವುದು, ತಲೆ ಕೆರೆದುಕೊಳ್ಳುವುದು ಎಲ್ಲ ಎಡಗೈಯಲ್ಲೇ. ತಂತಿ ಬಿಗಿದರೂ ಎಡಕ್ಕೇ ಮೂರು ಸುತ್ತು ಸುತ್ತಿ, ತುದಿಯನ್ನು ಮಡಚಿ ಒಳಗೆ ಸೇರಿಸುತ್ತಿದ್ದ. ನೂರು ಮೇಸ್ತ್ರಿಗಳ ಕೆಲಸದ ನಡುವೆ ತನ್ನ ಕೆಲಸವನ್ನು ಕಣ್ಣು ಮುಚ್ಚಿ ಬೆರಳಲ್ಲೇ ಗುರುತು ಹಿಡಿಯಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದ. ಜಂಬ ಕೊಚ್ಚುವವರಿಗೆ ಒಂದು ದಿನ ಪರೀಕ್ಷೆ ಬರುತ್ತದೆ, ಇವನಿಗೂ ಬಂತು.

ಗ್ಯಾರೇಜು ಮನೆಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಆಯಿಲ್ ವಾಸನೆ, ಗ್ಯಾರೇಜಿನ ಬಾಗಿಲು ತೆರೆದರೆ ಒಗ್ಗರಣೆ ವಾಸನೆ. ಆಟೋಮ್ಯಾಟಿಕ್ ಕಾರು ರಿಪೇರಿಗೆ ಬಂದರೆ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂರಬೇಕು. ಗೇರ್ ಲಿವರ್ ಎಳೆಯುತ್ತ ಅಕ್ಷರ ಕೂಗಬೇಕು. ನಿಲ್ಲಿಸಿಡುವುದಕ್ಕೆ ಪಿ, ಹಿಂದಕ್ಕೆ ಆರ್, ಖಾಲಿ ಬಿಡುವುದಕ್ಕೆ ಎನ್, ಮುಂದಕ್ಕೆ ಡಿ. ಕಾರಿನಡಿ ಮಲಗಿದ ಎಡಚ ಗೇರ್‌ಬಾಕ್ಸಿನ ತೋಳು ಎಲ್ಲಿ ನಿಂತಿದೆ ಎಂದು ನೋಡಿ, ಅದೇ ಅಕ್ಷರವನ್ನು ತಿರುಗಿ ಕೂಗಬೇಕು. ಮೇಲಿನ ಅಕ್ಷರವೂ ಕೆಳಗಿನ ಅಕ್ಷರವೂ ಒಂದೇ ಆದರೆ ಕೆಲಸ ಮುಗಿಯಿತು. "ನಾನು ಪಾಠ ಹೇಳ್ಕೊಡೋದು, ಇವ್ರು ಒಪ್ಪಿಸೋದು" ಎಂದು ಆಕೆ ಬಂದವರ ಮುಂದೆ ನಗುತ್ತಿದ್ದಳು.

ನಗು ಬರದಿದ್ದದ್ದು ಒಂದೇ ವಿಷಯಕ್ಕೆ. ಗ್ಯಾರೇಜಿನ ಕಪಾಟಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬವಿತ್ತು, ಅದರ ತಳದಲ್ಲಿ ಒಡೆಯದ ಒಂದು ಪೊಟ್ಟಣ. ಒಳಗೆ ಉಂಗುರದಷ್ಟು ದೊಡ್ಡ ರಬ್ಬರಿನ ಬುಷ್, ಮೇಲೆ ಎಡಚನ ಓರೆ ಅಕ್ಷರದಲ್ಲಿ "ಹಳದಿ ಕಾರು". ಪ್ರತಿ ವರ್ಷ ಕಪಾಟು ಒರೆಸುವಾಗ ಹೆಂಡತಿ ಕೇಳುತ್ತಿದ್ದಳು, "ಇದು ಯಾರ್ದು?" ಎಡಚ ಪ್ರತಿ ವರ್ಷವೂ ಹೇಳುತ್ತಿದ್ದ, "ಇರ್ಲಿ ಬಿಡು." ಆರು ವರ್ಷ ಹೀಗೇ ನಡೆಯಿತು.

ಆ ದಿನ ಬೆಳಿಗ್ಗೆ ಹೆಂಡತಿ ಮನೆಯಲ್ಲಿರಲಿಲ್ಲ. ಅಕ್ಕ ಬಚ್ಚಲಲ್ಲಿ ಜಾರಿಬಿದ್ದಳೆಂದು ನೋಡಿಕೊಳ್ಳಲು ಹೋಗಿದ್ದಳು. ಹತ್ತು ಗಂಟೆಯ ಹೊತ್ತಿಗೆ ಕಾರು ಎಳೆಯುವ ಲಾರಿಯೊಂದು ಗೇಟಿನ ಮುಂದೆ ನಿಂತಿತು. ಅದರ ಬೆನ್ನ ಮೇಲೆ ಧೂಳು ಹೊದ್ದ ಹಳದಿ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ, ಮುಂದಿನ ಬಂಪರಿನಲ್ಲಿ ಒಂದು ತಗ್ಗು.  ಎಡಚ ಆರು ವರ್ಷದಿಂದ ಯಾವ ಕಾರು ಈ ಗೇಟಿಗೆ ಬಾರದಿರಲಿ ಎಂದುಕೊಂಡಿದ್ದನೋ ಅದೇ ಕಾರು.

ಲಾರಿಯ ಹಿಂದೆ ಆಟೋದಲ್ಲಿ ಬಂದಿಳಿದ ಹೆಂಗಸಿಗೆ ನಲವತ್ತೈದು ಇರಬಹುದು. ಎಡಚ ಆಕೆಯನ್ನು ಎಂದೂ ನೋಡಿದವನಲ್ಲ, ಆದರೆ ಯಾರೆಂದು ಹೇಳಬೇಕಾಗಿರಲಿಲ್ಲ. ಕಾರನ್ನು ಎನ್‌ನಲ್ಲಿ ಬಿಟ್ಟು ಇಳಿದು, ಇಳಿಜಾರಿನ ಕೆಳಗೆ ಗೇಟು ತೆಗೆಯುತ್ತಿದ್ದ ಗಂಡನನ್ನು ಕೊಂದವಳು ಎಂದು ಆಗ ಊರೆಲ್ಲ ಆಡಿಕೊಂಡಿತ್ತು. ಎಡಚನೂ ಅದನ್ನು ಕೇಳಿದ್ದ, ಕೇಳಿ ಹೌದೌದು ಎಂದು ತಲೆಯಾಡಿಸಿದ್ದ. ಯಾಕೆಂದರೆ ಅದಕ್ಕೆ ಹನ್ನೆರಡು ದಿನ ಮುಂಚೆ ಆ ಗಂಡ ಇದೇ ಕಾರನ್ನು ಇದೇ ಗ್ಯಾರೇಜಿಗೆ ತಂದಿದ್ದ. ಲಿವರ್ ಎಳೆದಾಗ ಗೇರ್‌ಬಾಕ್ಸಿನ ತೋಳನ್ನು ತಿರುಗಿಸುವ ಕೇಬಲ್ಲಿನ ತುದಿಯ ಬುಷ್ ಪುಡಿಯಾಗಿತ್ತು, ಹೊಸದು ತರಿಸಬೇಕಿತ್ತು. "ನಾಲ್ಕು ದಿನ ಓಡ್ಸಿ, ಬುಷ್ ಬಂದ್ಮೇಲೆ ಹಾಕ್ಕೊಡ್ತೀನಿ" ಎಂದು ಎಡಚ ಕೇಬಲ್ಲಿನ ತುದಿಯನ್ನು ಗೇರ್‌ಬಾಕ್ಸಿನ ತೋಳಿಗೆ ತಾಮ್ರದ ತಂತಿಯಲ್ಲಿ ಕಟ್ಟಿ ಕಳಿಸಿದ್ದ. ಸಮತಟ್ಟಾದ ನೆಲದ ಮೇಲೆ ಒಂದು ಸಲ ಪಿ ಹಾಕಿಸಿ ನೋಡಿದ್ದ, ನಿಂತಿತ್ತು. ಬುಷ್ ಬಂದಮೇಲೆ ಒಂದು ಫೋನ್ ಮಾಡಬಹುದಿತ್ತು. ಇವತ್ತು ನಾಳೆ ಎಂದು ದಿನ ತಳ್ಳಿದ, ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು.

"ಮಾರೋದಿದೆ ಮೇಸ್ತ್ರೀ. ಮಾರೋಕ್ಮುಂಚೆ ಒಂದ್ಸಲ ಎಲ್ಲ ನೋಡಿಬಿಡಿ" ಎಂದಳು ಆಕೆ. ಆಮೇಲೆ ಸೇರಿಸಿದಳು, "ಅದು ನಿಂತಲ್ಲಿ ನಿಲ್ಲಲ್ಲ."

"ಅಂದ್ರೆ?"

"ನಮ್ಮ ಶೆಡ್ಡಲ್ಲಿ ಹಿಂದಿನ ಗೋಡೆಗೆ ತಾಗಿಸಿ ನಿಲ್ಸಿದ್ರು. ಆರು ತಿಂಗಳಿಗೋ ಏಳು ತಿಂಗಳಿಗೋ ಒಂದು ಬೆರಳು, ಎರಡು ಬೆರಳು ಮುಂದೆ ಬಂದಿರುತ್ತೆ. ಚಕ್ರದ ಹತ್ರ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟಿದೀನಿ. ಹನ್ನೊಂದು ಗೆರೆ ಆಗಿದೆ. ಪ್ರತಿ ಸಲ ಕಿಟಕಿಯಿಂದ ಬಗ್ಗಿ ನೋಡ್ತೀನಿ, ಲಿವರ್ ಪಿನಲ್ಲೇ ಇರುತ್ತೆ. ಹ್ಯಾಂಡ್ ಬ್ರೇಕಿಗೆ ತುಕ್ಕು ಹಿಡ್ದಿದೆ ಅಂತ ಗೊತ್ತು. ಆದ್ರೂ ಪಿನಲ್ಲಿದ್ರೆ ಅಲ್ಲಾಡಬಾರದಲ್ವಾ?"

"ಚಕ್ರಕ್ಕೊಂದು ಕಲ್ಲು ಕೊಡಬಾರದಾಗಿತ್ತಾ ಅಮ್ಮ?"

"ಕೊಡಬಹುದಾಗಿತ್ತು. ಎಲ್ಲಿಗೆ ಹೋಗುತ್ತೋ ನೋಡೋಣ ಅಂತ ಬಿಟ್ಟೆ. ಗೇಟಿನ ಕಡೆಗೇ ಬರ್ತಿದೆ, ಅವ್ರು ನಿಂತಿದ್ದ ಕಡೆಗೆ." ಸಂತೆಯ ಸಾಮಾನು ಹೇಳುವ ದನಿಯಲ್ಲಿ ಆಕೆ ಇದನ್ನು ಹೇಳಿದಳು. 

ಕಾರು ಸರಿಯುವ ಕಾರಣ ಎಡಚನಿಗೆ ಗೊತ್ತಿತ್ತು, ಅದೇ ಹೆದರಿಕೆ. ದೆವ್ವವೆಂದು ನಂಬಿದ್ದರೆ ಹಾಯಾಗಿರುತ್ತಿದ್ದ.

ಲಾರಿಯ ಡ್ರೈವರು ಕಾರನ್ನು ಕಬ್ಬಿಣದ ಇಳಿಜಾರು ಹಲಗೆಗಳ ಮೇಲೆ, ಮುಂದಿನ ಚಕ್ರ ಎತ್ತರಕ್ಕೆ ಬರುವಂತೆ ಏರಿಸಿಕೊಟ್ಟು ಹೊರಟುಹೋದ. ಎಡಚ ಹಿಂದಿನ ಎರಡು ಚಕ್ರಗಳಿಗೂ ಮರದ ದಿಮ್ಮಿ ಒತ್ತಿದ. ಹಳೇ ಬ್ಯಾಟರಿ ಕಿತ್ತು ತನ್ನದೊಂದನ್ನು ಜೋಡಿಸಿ ಕೀ ತಿರುಗಿಸಿದ. ಎಂಜಿನ್ ಸದ್ದು ಮಾಡಲಿಲ್ಲ, ಅವನು ಮಾಡಿಸಲೂ ಇಲ್ಲ. ಆದರೆ ಒಣ ಗಾಜಿನ ಮೇಲೆ ವೈಪರುಗಳು ತಾವಾಗಿಯೇ ಕಿರ್ ಕಿರ್ ಎಂದು ಆಡತೊಡಗಿದವು. ಹೊರಗೆ ಬಿಸಿಲು ಸುಡುತ್ತಿತ್ತು.

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. "ಅವತ್ತು ಮಳೆ ಇತ್ತು. ಆರಿಸಿಲ್ಲ ಯಾರೂ" ಎಂದಳು. ಎಡಚ ಕೈ ಹಾಕಿ ಆರಿಸಿದ. ಗಾಜಿನ ಮೇಲೆ ಆರು ವರ್ಷದ ಧೂಳು ಎರಡು ಕಮಾನಾಗಿ ಅಳಿಸಿಹೋಗಿತ್ತು, ಆ ಕಮಾನಿನಾಚೆ ಖಾಲಿ ಸೀಟುಗಳು ಕಾಣುತ್ತಿದ್ದವು.

"ಮೇಲೆ ಒಬ್ರು ಕೂತು ಲಿವರ್ ಎಳೀಬೇಕಮ್ಮ. ಮನೆಯವ್ರು ಇಲ್ಲ" ಎಂದ. ಬೇಡ ಎಂದುಬಿಡಲಿ, ನಾಳೆ ಬರುತ್ತೇನೆ ಎನ್ನಲಿ ಎಂಬ ಆಸೆ. ಆಕೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಳು, ಆಮೇಲೆ ಒಳಗೆ ಕೂತಳು. ಸೀಟು ಆಕೆಯ ಅಳತೆಗೇ ಇತ್ತು.

ಎಡಚ ಚಕ್ರದ ಹಲಗೆಯ ಮೇಲೆ ಬೆನ್ನು ಕೊಟ್ಟು ಮಲಗಿ ಕಾರಿನಡಿ ಸರಿದ. ತಂಪು, ಇಲಿ ಗೂಡಿನ ವಾಸನೆ. ಟಾರ್ಚು ಹಾಕಲು ಮನಸ್ಸಾಗದೆ ಕೈಯನ್ನೇ ಮೇಲಕ್ಕೆ ಕಳಿಸಿದ. ಗೇರ್‌ಬಾಕ್ಸಿನ ಪಕ್ಕ, ತೋಳಿನ ತುದಿ, ಅದಕ್ಕೆ ಜೋತ ತಂತಿ. ಬೆರಳುಗಳು ಸುತ್ತನ್ನು ಎಣಿಸಿದವು. ಎಡಕ್ಕೆ ಒಂದು, ಎಡಕ್ಕೆ ಎರಡು, ಎಡಕ್ಕೆ ಮೂರು. ತುದಿ ಮಡಚಿ ಒಳಗೆ ಸೇರಿತ್ತು.

"ಬ್ರೇಕ್ ಒತ್ಕೊಂಡು ಹೇಳ್ತಾ ಹೋಗಿ ಅಮ್ಮ."

"ಎನ್" ಎಂದಳು ಆಕೆ. ಮೇಲೆ ಟಕ್ ಎಂದಿತು. "ಡಿ." ಟಕ್. ಈಗ ಹಾಕಿದ ಟಾರ್ಚಿನ ಬೆಳಕಲ್ಲಿ ಕೇಬಲ್ಲಿನ ತುದಿ ಸಡಿಲ ತಂತಿಯೊಳಗೆ ಹಿಂದೆ ಮುಂದೆ ಓಡಾಡುತ್ತಿತ್ತು. ತೋಳು ಎನ್‌ನಲ್ಲಿ ಕದಲದೆ ನಿಂತಿತ್ತು.

"ಪಿ" ಎಂದಳು. ಟಕ್. ತೋಳು ಅಲ್ಲಾಡಲಿಲ್ಲ.

ಎಡಚನ ಬಾಯಿಂದ ತಿರುಗಿ ಯಾವ ಅಕ್ಷರವೂ ಹೊರಡಲಿಲ್ಲ. ಮೇಲಿನ ದನಿ ಸಣ್ಣಗಾಯಿತು. "ಅವತ್ತೂ ಹಿಂಗೇ ಹಾಕಿದ್ದೆ ಮೇಸ್ತ್ರೀ. ಈ ಸದ್ದು ಕೇಳಿದ್ದೆ. ಆಮೇಲೆ ಪಕ್ಕದ ಮನೆಯವ್ರು ಓಡಿಬಂದು, ಕಾರು ಹಿಂದಕ್ಕೆ ತಳ್ಳಬೇಕು ಅಂತ ಲಿವರ್ ಎಳೆದ್ರಂತೆ. ಪರೀಕ್ಷೆ ಮಾಡೋರು ಬಂದಾಗ ಎನ್‌ನಲ್ಲಿತ್ತು. ಅವ್ರು ಪಿ ಹಾಕಿ ನೋಡಿದ್ರು, ನಿಂತ್ಕೊಳ್ತು. ಕಾರಲ್ಲಿ ಏನೂ ದೋಷ ಇಲ್ಲ ಅಂದ್ರು. ನಮ್ಮತ್ತೆ ಅವತ್ತಿಂದ ನಂಜೊತೆ ಒಂದು ಮಾತೂ ಆಡಿಲ್ಲ. ಒಂದೇ ಮನೇಲಿದೀವಿ. ನಾನು ಬಡಿಸ್ತೀನಿ, ಅವ್ರು ತಿಂತಾರೆ. ಈಗೀಗ ನಂಗೂ ಹಾಕಿದ್ನೋ ಇಲ್ವೋ ಅನ್ಸುತ್ತೆ. ಅದಕ್ಕೇ ಕೇಳೋಕೆ ಬಂದೆ."

ಸಡಿಲ ತಂತಿ ಒಮ್ಮೆ ಎಳೆಯುತ್ತದೆ, ಒಮ್ಮೆ ಎಳೆಯುವುದಿಲ್ಲ. ಪರೀಕ್ಷೆ ಮಾಡುವವರು ಕೆಳಗೆ ಬಗ್ಗಿ ನೋಡಲಿಲ್ಲ, ಅವರ ಮುಂದೆ ಸರಿಯಾಗಿ ಎಳೆಯಿತು, ಅಷ್ಟೇ. ಇದನ್ನು ಹೇಳುವುದಕ್ಕೆ ಒಂದು ನಿಮಿಷ ಸಾಕು. ಎಡಚ ಇಕ್ಕಳ ತೆಗೆದುಕೊಂಡು ತಂತಿ ಕತ್ತರಿಸಿದ. ಅದು ಅವನ ಎದೆಯ ಮೇಲೆ ಬಿತ್ತು, ಕಿಲುಬು ಹಿಡಿದ ಪುಟ್ಟ ತುಂಡು. ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಚರಂಡಿ ಐದು ಹೆಜ್ಜೆ ದೂರದಲ್ಲಿತ್ತು. ಹೆಂಡತಿಗೂ ಗೊತ್ತಿಲ್ಲ, ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಈ ಲೆಕ್ಕಾಚಾರವೆಲ್ಲ ಅವನ ತಲೆಯಲ್ಲಿ ಓಡಿತು, ಓಡಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಜೇಬಿಗೆ ಹಾಕಿಕೊಂಡೂ ಬಿಟ್ಟ.

ಹೊರಗೆ ಬಂದು ಬಿಸ್ಕತ್ತಿನ ಡಬ್ಬದಿಂದ ಪೊಟ್ಟಣ ತೆಗೆದ. ಆಕೆ ಕಿಟಕಿಯಿಂದ ನೋಡುತ್ತಿದ್ದಳು.

"ಈ ಕಾರಿನ ಸಾಮಾನು ನಿಮ್ಮ ಹತ್ರ ಮೊದಲೇ ಇತ್ತಾ?"

"ಹೂಂ, ಇತ್ತು" ಎಂದಷ್ಟೇ ಹೇಳಿ ಮತ್ತೆ ಕೆಳಗೆ ಸರಿದ. 

ಬುಷ್ ಕೂರಿಸುವುದು ಐದು ನಿಮಿಷದ ಕೆಲಸ. ಹಳೇ ರಬ್ಬರಿನ ಚೂರು ಕೆರೆದು, ಹೊಸದಕ್ಕೆ ಗ್ರೀಸ್ ಸವರಿ, ಕೇಬಲ್ಲಿನ ಕಣ್ಣಿಗೆ ಒತ್ತಿ, ತೋಳಿನ ಗುಂಡಿನ ಮೇಲಿಟ್ಟು ಹೆಬ್ಬೆರಳಲ್ಲಿ ಅಮುಕಿದ. ಟಪ್ ಎಂದು ಕೂತಿತು. ಇಷ್ಟೇ. ಇಷ್ಟು ಸಣ್ಣ ಕೆಲಸಕ್ಕೆ ಒಬ್ಬ ಮನುಷ್ಯ ಸತ್ತಿದ್ದ.

ಆಕೆ ಕೂಗಿದಳು, ಇವನು ಒಪ್ಪಿಸಿದ. ಆರ್ ಅಂದರೆ ಆರ್, ಡಿ ಅಂದರೆ ಡಿ, ಪಿ ಅಂದರೆ ಪಿ. ಒಂದೂ ತಪ್ಪಲಿಲ್ಲ. ಕೊನೆಗೆ ಆಕೆ ಎನ್‌ಗೆ ಎಳೆದು ನಿಲ್ಲಿಸಿದಳು.

"ಹಾಗಾದ್ರೆ ಆ ಸಾಮಾನು ಆಮೇಲೆ ನಿಂತಲ್ಲೇ ಹಾಳಾಗಿರ್ಬೇಕು, ಅವತ್ತು ಕಾರು ಸರಿಯಾಗೇ ಇತ್ತು" ಎಂದಳು. "ನಾನೇ ಮರೆತಿದ್ದೆ."

ಆ ಮಾತಿನಲ್ಲಿ ಅಳು ಇರಲಿಲ್ಲ. ಅಳು ಇದ್ದಿದ್ದರೆ ಎಡಚ ಸಹಿಸಿಕೊಳ್ಳುತ್ತಿದ್ದನೇನೋ. ಆಕೆ ಒಪ್ಪಿಕೊಂಡುಬಿಟ್ಟಿದ್ದಳು, ಅದನ್ನು ಅವನಿಂದ ಕೇಳಲಾಗಲಿಲ್ಲ.

"ಬ್ರೇಕ್ ಗಟ್ಟಿಯಾಗಿ ಒತ್ತಿದೀರಾ ಅಮ್ಮ?"

"ಒತ್ತಿದೀನಿ."

ಇಳಿಜಾರಿನ ಮೇಲೆ ಪಿ ನಿಲ್ಲುತ್ತದೋ ಇಲ್ಲವೋ ನೋಡಬೇಕಾದರೆ ದಿಮ್ಮಿ ತೆಗೆಯಲೇಬೇಕು. ಅದನ್ನೇ ಅವನು ಅವತ್ತು ಮಾಡಿರಲಿಲ್ಲ. ತಲೆ ನೆಟ್ಟಗಿದ್ದವರು ಮೊದಲು ಹೊರಗೆ ಬಂದು ಆಮೇಲೆ ತೆಗೆಯುತ್ತಾರೆ. ಎಡಚ ಮಲಗಿದಲ್ಲಿಂದಲೇ ಕಾಲು ಚಾಚಿ ಒಂದು ದಿಮ್ಮಿಯನ್ನು ಒದ್ದ, ಇನ್ನೊಂದನ್ನೂ ಒದ್ದ. ಅವು ಉರುಳಿದ ಸದ್ದು ಗ್ಯಾರೇಜಿನ ತುಂಬ ಕೇಳಿಸಿತು. ಈಗ ಅಷ್ಟು ಭಾರದ ಕಾರು ಅವನ ಎದೆಯಿಂದ ಒಂದು ಗೇಣು ಮೇಲೆ, ಆಕೆಯ ಒಂದು ಪಾದದ ಮೇಲೆ ನಿಂತಿತ್ತು.

"ಅಮ್ಮ, ನೀವು ಮರೆತಿರಲಿಲ್ಲ" ಎಂದ. "ನೀವು ಪಿ ಹಾಕಿದ್ರಿ. ಅದು ಇಲ್ಲಿಗೆ ತಲುಪಿಲ್ಲ. ಇಲ್ಲಿ ಬುಷ್ ಇರ್ಲಿಲ್ಲ, ತಂತಿ ಕಟ್ಟಿತ್ತು. ಕಟ್ಟಿದ್ದು ನಾನು. ಯಜಮಾನ್ರು ಬಂದಿದ್ರು, ನಾಲ್ಕು ದಿನ ಓಡ್ಸಿ ಅಂದಿದ್ದೆ. ಬುಷ್ ಬಂದ್ಮೇಲೂ ಹೇಳಿ ಕಳಿಸ್ಲಿಲ್ಲ. ಸುದ್ದಿ ಕೇಳಿದಾಗ್ಲೇ ಗೊತ್ತಾಗಿತ್ತು ನಂಗೆ. ಹೆದರಿ ಬಾಯಿಗೆ ಬೀಗ ಹಾಕ್ಕೊಂಡೆ. ತಂತಿ ನನ್ನ ಜೇಬಲ್ಲಿದೆ."

 ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಕಾರು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಯಿತು, ನಿಂತಿತು, ಮತ್ತೆ ಇನ್ನೊಂದು ಬೆರಳು ಸರಿಯಿತು. ಚಕ್ರದಡಿಯ ಕಬ್ಬಿಣದ ಹಲಗೆ ಕಿರುಗುಟ್ಟಿತು. ಎಡಚ ಹೊರಗೆ ಸರಿಯಲಿಲ್ಲ. ಆಕೆಯ ಕಾಲು ನಡುಗುತ್ತಿದೆಯೋ, ಆಕೆ ಬೇಕೆಂದೇ ಬಿಡುತ್ತಿದ್ದಾಳೋ ತಿಳಿಯಲಿಲ್ಲ. ಎರಡನೆಯದಾದರೂ ತಪ್ಪು ಎನ್ನಲು ತನಗೆ ಬಾಯಿಲ್ಲ ಎಂದು ಅವನಿಗೆ ತಿಳಿದಿತ್ತು.

ಆಮೇಲೆ ಟಕ್ ಎಂದಿತು. ತೋಳು ಅವನ ಮುಖದ ಪಕ್ಕದಲ್ಲೇ ತಿರುಗಿತು.

"ಪಿ" ಎಂದಳು ಆಕೆ. "ಅಲ್ಲಿಗೆ ಬಂತಾ?"

ಅವನು ಬೆರಳಿಂದ ತೋಳನ್ನು ತಡವಿ ನೋಡಿದ.

"ಕೇಳ್ತಿದೀನಿ ಮೇಸ್ತ್ರೀ. ಬಂತಾ?"

"ಬಂತಮ್ಮ."

ಆಕೆ ಬ್ರೇಕಿನಿಂದ ಕಾಲು ತೆಗೆದಳು. ಕಾರು ಒಮ್ಮೆ ಮೈ ಕೊಡವಿ ನಿಂತುಕೊಂಡಿತು.

ಎಡಚ ಹೊರಗೆ ತೆವಳಿ ಬಂದಾಗ ಆಕೆ ಇನ್ನೂ ಸೀಟಿನಲ್ಲೇ ಇದ್ದಳು. ಎಡಗೈಯಿಂದ ಲಿವರನ್ನು ಪಿಗೆ ಒತ್ತಿ ಹಿಡಿದಿದ್ದಳು. ಅವನು ಜೇಬಿನಿಂದ ತಂತಿ ತೆಗೆದು ಚಾಚಿದ. ಆಕೆ ಅದನ್ನು ನೋಡಿದಳು, ಮುಟ್ಟಲಿಲ್ಲ.

"ಅದನ್ನ ನಂಗೆ ಕೊಡಬೇಡಿ" ಎಂದಳು. "ಮನೇಲಿ ಅತ್ತೆ ಇದಾರೆ. ಕೈ ತೊಳ್ಕೊಂಡು ಬನ್ನಿ, ಹೋಗೋಣ."

ಎಡಚ ನಲ್ಲಿಯಡಿ ಕೈಯೊಡ್ಡಿ ಸೋಪು ಹಾಕಿ ಉಜ್ಜಿದ. ಗ್ರೀಸ್ ಹೋಯಿತು, ಹೆಬ್ಬೆರಳಿಗೆ ಅಂಟಿದ ಕಿಲುಬಿನ ಹಸಿರು ಹೋಗಲಿಲ್ಲ. ಹಾಗೇ ಒರೆಸಿಕೊಂಡು, ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ಆಕೆಯ ಹಿಂದೆ ಹೊರಟ.