ಕತ್ತರಿ ಇಲ್ಲದ ಕೆಲಸ

ಮೊಣಕಾಲು ನೋವು ಶುರುವಾದ ಮೇಲೆ ಇಂದುಬಾಯಿ ನಿಂಬೆ ತೋಟಕ್ಕೆ ಹೋಗುವುದು ನಿಂತಿತು. ಮದುವೆಯಾಗಿ ಇಂಡಿಗೆ ಬಂದಾಗಿನಿಂದ ಆಳುಗಳ ಜೊತೆ ತಾನೂ ನಿಂತು ಕಾಯಿ ಆರಿಸಿದ ಕೈಗಳು ಅವು. ಈಗ ಗಂಡ ಬಸಂತರಾಯ ಬೆಳಗಾದರೆ ಬೈಕು ಏರಿ ತೋಟಕ್ಕೆ ಹೊರಡುತ್ತಿದ್ದ. ಶಿಕ್ಷಕಿಯಾಗಿದ್ದ ಮಗಳು ಐಶ್ವರ್ಯ ಸಿಂದಗಿಯ ಬಸ್ಸು ಹಿಡಿಯುತ್ತಿದ್ದಳು. ಆಮೇಲೆ ಇಡೀ ಹಗಲು ಮನೆಯಲ್ಲಿ ಮಾತಿಗೆ ಒಬ್ಬರಿಲ್ಲ.

ಅತ್ತೆಯ ಕಾಲದ ಕೈಮಶೀನೊಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಇಂದುಬಾಯಿ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಹಳೆಯ ಸೀರೆಯೊಂದರಿಂದ ದಿಂಬಿನ ಗವಸು ಹೊಲಿದಳು. ಹೊಲಿಗೆ ಹಾವು ಹರಿದಂತೆ ಓಡಿತ್ತು, ಆದರೂ ದಿಂಬು ಒಳಗೆ ಕೂತಿತು. ಬರಬರುತ್ತ ಕೈ ಹದಕ್ಕೆ ಬಂತು. ಸಂತೆಯ ಚೀಲ ಹೊಲಿದಳು, ಬಸಂತರಾಯನ ಬನಿಯನ್ನಿಗೆ ಒಳಜೇಬು ಹಚ್ಚಿಕೊಟ್ಟಳು. ಅವನು ಅಂಗಿ ಎತ್ತಿ ಆ ಜೇಬನ್ನು ಮಾರುಕಟ್ಟೆಯ ಮಂದಿಗೆಲ್ಲ ತೋರಿಸಿದ. ಚಡಚಣದ ನೆಂಟರೊಬ್ಬರು ಚೀಲ ಬೇಕೆಂದು ಕೇಳಿ ಒಯ್ದರು. ಇಂದುಬಾಯಿಗೆ ಹಗಲು ಸಾಲದಾಯಿತು.

ಆ ಹುಮ್ಮಸ್ಸಿನಲ್ಲೇ ಆಕೆ ನಾದಿನಿಯ ಖಣಕ್ಕೆ ಕೈ ಹಾಕಿದ್ದು. ಬಸಂತರಾಯನ ತಂಗಿ ವಿಜಯಲಕ್ಷ್ಮಿಯನ್ನು ಇಂಗಳೇಶ್ವರಕ್ಕೆ ಕೊಟ್ಟಿತ್ತು. ಮುದ್ದೇಬಿಹಾಳದಲ್ಲಿ ನೆಂಟರ ಲಗ್ನ ಗೊತ್ತಾಗಿ, ತವರಿಗೆ ಬರುವಾಗ ಕುಪ್ಪಸಕ್ಕೆಂದು ಚೆಂದದ ಖಣ ತಂದಿದ್ದಳು. ಟೇಲರ್ ಯುನೂಸನ ಅಂಗಡಿಗೆ ಹೊರಟವಳನ್ನು ಇಂದುಬಾಯಿ ತಡೆದಳು.

"ಇಲ್ಲಿ ಕೊಡು, ನಾ ಹೊಲೀತೇನಿ."

"ಆಗ್ತೈತೇನ್ರಿ ವೈನಿ? ಲಗ್ನದಾಗ ಹಾಕ್ಕೊಳ್ಳೂದೈತಿ."

"ಇಷ್ಟೆಲ್ಲಾ ಹೊಲದೇನಿ, ಒಂದು ಜಂಪರ ಹೊಲಿಯಾಕ ಬರೂದಿಲ್ಲೇನು?"

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅಳತೆ ಹಾಕಿದಳು. ಗೆರೆ ತಪ್ಪದಂತೆ, ಉಸಿರು ಬಿಗಿಹಿಡಿದು ಕತ್ತರಿಸಿದಳು. ಹೊಲಿಗೆಗೆಂದು ಅಂಚಿನಲ್ಲಿ ಬಟ್ಟೆ ಬಿಡಬೇಕೆಂಬುದನ್ನೇ ಮರೆತಿದ್ದಳು. ಕುಪ್ಪಸವನ್ನು ನೇರ ಲಗ್ನದ ಮನೆಗೇ ಒಯ್ದುಕೊಟ್ಟಳು. ತಪ್ಪು ಗೊತ್ತಾದದ್ದು ಅಲ್ಲೇ, ಹೆಂಗಸರು ತುಂಬಿದ ಕೋಣೆಯಲ್ಲಿ ವಿಜಯಲಕ್ಷ್ಮಿ ಕುಪ್ಪಸ ತೊಡಲು ಹೋದಾಗ. ತೋಳು ಮೊಣಕೈ ದಾಟಲಿಲ್ಲ. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ವಿಜಯಲಕ್ಷ್ಮಿ ಬಣ್ಣ ಹೊಂದದ ಹಳೆಯ ಕುಪ್ಪಸವನ್ನೇ ಹಾಕಿಕೊಂಡು, ಗುಂಡಿ ಹಚ್ಚುತ್ತಲೇ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಟೈಂಪಾಸಿಗೆ ಕತ್ತರಿ ಹಿಡದವ್ರ ಕೈಯಾಗ ಖಣ ಕೊಟ್ಟಿದ್ದು ನಂದ ತಪ್ಪು."

ಯಾರೂ ನಗಲಿಲ್ಲ. ಒಬ್ಬರು ಪಿನ್ನು ಹುಡುಕುವವರಂತೆ ತಲೆ ತಗ್ಗಿಸಿದರು. ಬಾಗಿಲಲ್ಲಿ ನಿಂತಿದ್ದ ಇಂದುಬಾಯಿ ಅವತ್ತು ಊಟಕ್ಕೆ ಕೂರಲಿಲ್ಲ.

ಮನೆಗೆ ಬಂದವಳೇ ಮಶೀನಿಗೆ ಬಟ್ಟೆ ಸುತ್ತಿ ಮಂಚದ ಕೆಳಗೆ ತಳ್ಳಿದಳು. ವಿಜಯಲಕ್ಷ್ಮಿಯ ಫೋನು ಬಂದರೂ ಅಣ್ಣನಿಗಷ್ಟೇ ಬರುತ್ತಿತ್ತು. "ವೈನಿ ಆರಾಮದಾರಿಲ್ಲ?" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಇಂದುಬಾಯಿ ಮತ್ತೆ ಟಿವಿಯ ಮುಂದೆ ಕೂತಳು. ನೋಡುತ್ತಿದ್ದಾಳೋ ಇಲ್ಲವೋ, ಅವಳಿಗೇ ತಿಳಿಯುತ್ತಿರಲಿಲ್ಲ.

ಬಸಂತರಾಯ ಮಾತು ಕಡಿಮೆಯ ಮನುಷ್ಯ. ನಿಂಬೆಕಾಯಿ ಮಾರಲು ಸೊಲ್ಲಾಪುರಕ್ಕೆ ಹೋದವನು ಒಂದು ಸಂಜೆ ಚೀಲವೊಂದನ್ನು ಹೆಂಡತಿಯ ಮುಂದಿಟ್ಟ. ಒಳಗೆ ಕಂದು ಬಣ್ಣದ ಉಣ್ಣೆಯ ಉಂಡೆಗಳು, ಉದ್ದನೆಯ ಜೋಡಿ ಸೂಜಿ.

"ಏನ್ರಿ ಇದು?"

"ಅಂಗಡ್ಯಾಗ ಒಬ್ಬಾಕಿ ಹೆಣಿಯಾಕತ್ತಿದ್ಲು. ತಪ್ಪಿತು, ಎಳದು ಬಿಚ್ಚಿದ್ಲು, ಅದ ಉಣ್ಣಿಲೆ ಮತ್ತ ಹೆಣದ್ಲು. ಇದರಾಗ ಕತ್ತರಿ ಇಲ್ಲ ನೋಡು."

"ಈ ಬಿಸಲಾಗ ಸ್ವೆಟರ್ ಯಾರು ಹಾಕ್ಕೋತಾರ?"

"ಥಂಡಿ ಬರ್ತೈತಿ. ನಸುಕಿನ್ಯಾಗ ಬೈಕ್ ಮ್ಯಾಲೆ ಹೋಗಾಂವ ನಾ ಅದೇನಿ."

ಅವನು ಚಹಾಕ್ಕೆಂದು ಒಳಗೆ ಹೋದ. ಇಂದುಬಾಯಿ ಆ ದಿನ ಚೀಲ ಮುಟ್ಟಲಿಲ್ಲ. ಮರುದಿನ ಮನೆ ಖಾಲಿಯಾದ ಮೇಲೆ, ಗಂಡನಿಗೊಂದು ಮಫ್ಲರು ಹೆಣೆಯೋಣವೆಂದು ಸೂಜಿ ಕೈಗೆತ್ತಿಕೊಂಡಳು.

ಬೆವರಿನ ಕೈಗೆ ಉಣ್ಣೆ ಅಂಟುತ್ತಿತ್ತು. ಮಫ್ಲರು ಬೆರಳಗಲ ಶುರುವಾಗಿ ಮುಂದೆ ಹೋದಂತೆ ಸೆರಗಿನಷ್ಟು ಅಗಲವಾಯಿತು. ನಡುನಡುವೆ ಎಲ್ಲಿಂದಲೋ ಕುಣಿಕೆಗಳು ಹೆಚ್ಚಾಗಿದ್ದವು. ಆಕೆ ನೂಲಿನ ತುದಿ ಹಿಡಿದು ಎಳೆದಳು. ವಾರದ ಕೆಲಸ ಸರಸರನೆ ಬಿಚ್ಚಿ ಮಡಿಲಿಗೆ ಬಿತ್ತು. ಅಳು ಬರುತ್ತದೆಂದುಕೊಂಡಿದ್ದಳು, ಬದಲಿಗೆ ಎದೆ ಹಗುರಾಯಿತು. ಯಾರದೂ ಏನೂ ಹಾಳಾಗಿರಲಿಲ್ಲ. ಐಶ್ವರ್ಯ ಮನೆಗೆ ಬಂದಾಗ ಉಂಡೆ ಮೊದಲಿನಂತೆಯೇ ಇರುವುದನ್ನು ಕಂಡು, "ಅವ್ವಾ, ಏನೂ ಮಾಡ್ಲಿಲ್ಲೇನು?" ಎಂದು ಕೇಳಿದಳು. "ಮಾಡಿದೆ, ಬಿಚ್ಚಿದೆ," ಎಂದಳು ಇಂದುಬಾಯಿ, ಸಂಕೋಚವಿಲ್ಲದೆ. ಬಿಚ್ಚಿ ಬಿಚ್ಚಿ ಉಣ್ಣೆಗೆ ಜುಂಗೆದ್ದಿತು. ಚಳಿ ಬೀಳುವ ಹೊತ್ತಿಗೆ ಮಫ್ಲರು ಒಂದು ರೂಪಕ್ಕೆ ಬಂತು. ಬಸಂತರಾಯ ಬಿಸಿಲೇರಿದರೂ ಅದನ್ನು ಕುತ್ತಿಗೆಯಿಂದ ತೆಗೆಯಲಿಲ್ಲ.

ಸಂಕ್ರಾಂತಿಗೆ ವಿಜಯಲಕ್ಷ್ಮಿ ತವರಿಗೆ ಬಂದಳು. ಅಡುಗೆಮನೆಯಲ್ಲಿ ಇಬ್ಬರೂ ಸಜ್ಜೆರೊಟ್ಟಿ ಬಡಿಯುತ್ತಿದ್ದಾಗ ಇಂದುಬಾಯಿ ತಾನಾಗಿಯೇ ಬಾಯಿಬಿಟ್ಟಳು.

"ನಿನ್ನ ಖಣ ಹಾಳು ಮಾಡಿದೆ. ಅವತ್ತ ಹೇಳಬೇಕಿತ್ತು, ಬಾಯಿ ಬರಲಿಲ್ಲ."

"ನಾನೂ ಮಂದಿ ಮುಂದ ಹಂಗ ಅನಬಾರದಿತ್ರಿ ವೈನಿ. ಅಂದ ಮ್ಯಾಲೆ ನಂಗೂ ಸಮಾಧಾನ ಆಗ್ಲಿಲ್ಲ."

ಊಟವಾದ ಮೇಲೆ ವಿಜಯಲಕ್ಷ್ಮಿ ಚೀಲದಿಂದ ಹೊಸ ಖಣವೊಂದನ್ನು ತೆಗೆದಳು. ಇಂದುಬಾಯಿ ಹಿಂದೆ ಸರಿದಳು. "ಬ್ಯಾಡ ತಂಗಿ, ಯುನೂಸಗ ಕೊಡು."

"ನಾ ಬಾಜೂಕ ಕುಂದರ್ತೇನ್ರಿ. ಮೊದಲು ಪೇಪರ್ ಕತ್ತರಿಸೂನು."

ಮಂಚದ ಕೆಳಗಿನ ಮಶೀನು ಹೊರಬಂತು. ಹಳೆಯ ದಿನಪತ್ರಿಕೆ ಕತ್ತರಿಸಿ, ಪಿನ್ನು ಚುಚ್ಚಿ ವಿಜಯಲಕ್ಷ್ಮಿಯ ಮೈಮೇಲೆ ಇಟ್ಟು ನೋಡಿದರು. ಅವಳು ಉಸಿರು ತೆಗೆದುಕೊಂಡದ್ದೇ ಕಾಗದ ಪರ್ರನೆ ಹರಿಯಿತು. ಇಬ್ಬರೂ ಗೋಡೆಗೊರಗಿ ನಕ್ಕರು. ಖಣ ಕತ್ತರಿಸುವಾಗ ಇಂದುಬಾಯಿ ಅಂಚಿಗೆ ಧಾರಾಳವಾಗಿ ಬಟ್ಟೆ ಬಿಟ್ಟಳು.

ಕುಪ್ಪಸ ಮೈಗೆ ಕೂತಿತು, ಕೊರಳು ಮಾತ್ರ ತುಸು ಎಡಕ್ಕೆ ಎಳೆಯಿತು. ವಿಜಯಲಕ್ಷ್ಮಿ ಅದನ್ನೇ ತೊಟ್ಟು ಬಸವನ ಬಾಗೇವಾಡಿಯ ತೊಟ್ಟಿಲು ಕಾರ್ಯಕ್ಕೆ ಹೋದಳು, ಸೆರಗನ್ನು ಕೊರಳಿನ ಎಡಕ್ಕೆ ಏರಿಸಿಕೊಂಡು. ಯಾರು ಹೊಲಿದರೆಂದು ಕೇಳಿದವರಿಗೆ "ನಮ್ಮ ವೈನಿ" ಎಂದಳಂತೆ.

ಈಗಲೂ ಯಾರಾದರೂ ಖಣ ಹಿಡಿದು ಬಂದರೆ ಇಂದುಬಾಯಿ ಯುನೂಸನ ಅಂಗಡಿಗೆ ದಾರಿ ತೋರಿಸುತ್ತಾಳೆ. ಆಕೆ ಹೊಲಿಯುವುದು ತನಗೆ ಮತ್ತು ನಾದಿನಿಗೆ ಮಾತ್ರ. ಸದ್ಯ ಐಶ್ವರ್ಯಳ ಸ್ವೆಟರು ತೋಳಿನವರೆಗೆ ಬಂದಿದೆ. ಮುಂದಿನ ಚಳಿಗೆ ಮುಗಿದೀತು ಎನ್ನುತ್ತಾಳೆ.