ದೇವರ ಬಲ, ನನ್ನ ಬಲ

ನನ್ನ ತಂಗಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು, ಅಮೆರಿಕದ ನಮ್ಮ ಊರು ಫ್ರೀಮಾಂಟಿನಲ್ಲಿ ರೈಲು ಹತ್ತಿದರೆ ಬುತ್ತಿಯ ಮೊಸರನ್ನ ಹುಳಿಯಾಗುವ ಮೊದಲೇ ತಲುಪಬಹುದಾದದ್ದು. ಮನೆಯಲ್ಲೇ ಉಂಡು, ಮನೆಯಲ್ಲೇ ಮಲಗಿ ಓದಬಹುದು; ಫೀಸೂ ಕೈಗೆ ಎಟುಕುವಂಥದ್ದು. ಇನ್ನೊಂದು ದೇಶದ ಆಚೆ ತುದಿಯಲ್ಲಿ, ಹಿಮ ಬೀಳುವ ಊರಿನಲ್ಲಿ. ಅದರ ಹೆಸರು ಹೇಳಿದರೆ ಜನ ನಿಂತಲ್ಲೇ ನಿಲ್ಲುತ್ತಿದ್ದರು. ಅದರ ಖರ್ಚು ಹೇಳಿದರೆ ನಾವು ನಿಂತಲ್ಲೇ ಕೂರುತ್ತಿದ್ದೆವು.

ನಾನು ಇಲ್ಲಿನ ಒಂದು ಇಂಡಿಯನ್ ಗ್ರೋಸರಿಯ ಕೌಂಟರಿನಲ್ಲಿ ಕೆಲಸ ಮಾಡುವವನು. ಹೋಟೆಲಿನ ಅಡುಗೆ ಭಟ್ಟರಾಗಿ ಅಪ್ಪ ನಮ್ಮನ್ನು ಉಡುಪಿಯಿಂದ ಕರೆತಂದಾಗ ನಾನು ಹತ್ತನೇ ಕ್ಲಾಸು ಫೇಲಾದ ಹುಡುಗ. ತಂಗಿ ಇಲ್ಲೇ ಹುಟ್ಟಿದವಳು. ಮನೆಗೆ ಬರಬೇಕಾಗಿದ್ದ ವಿದ್ಯೆಯೆಲ್ಲ ಅವಳಿಗಾಗಿ ಕಾದು ಕುಳಿತಿತ್ತೆಂದು ಕಾಣುತ್ತದೆ.

ಅಮ್ಮ ಕಾಲೇಜನ್ನು ಅಳೆಯುತ್ತಿದ್ದದ್ದು 'ಓ'ಗಳಲ್ಲಿ. ದೇವಸ್ಥಾನದಲ್ಲಿ ಹತ್ತಿರದ ಕಾಲೇಜಿನ ಹೆಸರು ಹೇಳಿದರೆ ಹೆಂಗಸರು "ಓ, ನೈಸ್" ಎಂದು ಪ್ರಸಾದದ ಕಡೆ ತಿರುಗುತ್ತಿದ್ದರು. ದೂರದ್ದನ್ನು ಹೇಳಿದರೆ "ಓಓಓ" ಎನ್ನುತ್ತ ಪ್ರಸಾದ ಮರೆಯುತ್ತಿದ್ದರು.

"ಎಷ್ಟು ಉದ್ದ ಓ ಅಂದ್ರು ಗೊತ್ತುಂಟಾ?" ಎಂದು ಅಮ್ಮ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು.

"ಅವರಿಗೆ ಓ ಅನ್ಲಿಕ್ಕೆ ಎಂತ ಖರ್ಚು ಮಾರಾಯ್ತಿ? ಸಾಲ ಮಾಡುವವ ನಾನಲ್ವಾ?" ಎಂದು ಅಪ್ಪ ಗೊಣಗುತ್ತಿದ್ದರು.

ತಂಗಿಯನ್ನು ಕೇಳಿದರೆ, "ಐಯಾಮ್ ಓಕೆ ವಿತ್ ಐದರ್, ಅಮ್ಮಾ" ಎನ್ನುತ್ತಿದ್ದಳು. ಅದು ಸುಳ್ಳು. ಜಾರುವ ಮಂಜಿನ ಮೇಲೆ ಹೇಗೆ ನಡೆಯಬೇಕೆಂದು ಅವಳು ಫೋನಿನಲ್ಲಿ ನೋಡುತ್ತಿದ್ದಳು. ಆಮೇಲೆ ಕಾಲಿಗೆ ಎರಡೆರಡು ಸಾಕ್ಸು ಏರಿಸಿ, ಅಡುಗೆಮನೆಯ ನೆಲದ ಮೇಲೆ ಪೆಂಗ್ವಿನ್ನಿನಂತೆ ಅಭ್ಯಾಸ ಮಾಡುತ್ತಿದ್ದಳು. ನಾನು ನೋಡಿದ್ದೆ. ನನ್ನ ತಪ್ಪು ಅಲ್ಲಿಂದಲೇ ಶುರು: ಅವಳ ಮನಸ್ಸು ಎಲ್ಲಿದೆ ಎಂದು ಗೊತ್ತಿದ್ದದ್ದು ಮನೆಯಲ್ಲಿ ನನಗೊಬ್ಬನಿಗೇ.

ಆದರೆ ನನಗೊಂದು ದೋಸೆ ಟ್ರಕ್ಕು ಬೇಕಿತ್ತು. "ಇವಳು ಹತ್ತಿರ ಓದಿದ್ರೆ ಉಳಿದ ದುಡ್ಡಲ್ಲಿ ನಿಂಗೊಂದು ಟ್ರಕ್ಕು ಹಾಕಿ ಕೊಡುವ" ಎಂದು ಅಪ್ಪ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಅವತ್ತಿನಿಂದ ಆ ಟ್ರಕ್ಕು ಮೆನ್ಲೋ ಪಾರ್ಕಿನ ಆಫೀಸುಗಳ ಮುಂದೆ ನನ್ನ ತಲೆಯೊಳಗೆ ನಿಂತುಬಿಟ್ಟಿತ್ತು. ಅದಕ್ಕೆ ಹಸಿರು ಬಣ್ಣವನ್ನೂ ಬಳಿದಿದ್ದೆ. ಎರಡನೇ ಸಲ ಚಟ್ನಿ ಕೇಳಿದ ಒಬ್ಬ ಎಂಜಿನಿಯರಿಗೆ ಕನಸಿನಲ್ಲಿ ಬೈದೂ ಇದ್ದೆ.

ಕೊನೆಗೆ ಅಪ್ಪನಿಗೆ ಸಾಕಾಯಿತು. "ನಾಡಿದ್ದು ಭಾನುವಾರ ದೇವರ ಹತ್ರ ಹೂ ಕೇಳುವ. ಹತ್ತಿರದ್ದಾದ್ರೆ ಬಲಕ್ಕೆ, ದೂರದ್ದಾದ್ರೆ ಎಡಕ್ಕೆ" ಎಂದರು. ಊರಿನಲ್ಲಿ ಮದುವೆ, ಬಾವಿ, ಎಮ್ಮೆ ಎಲ್ಲವನ್ನೂ ಹೀಗೆಯೇ ನಿರ್ಧರಿಸಿದ ಮನೆತನ ನಮ್ಮದು. ಅಮೆರಿಕದ ಕಾಲೇಜಿಗೆ ಮಾತ್ರ ಬೇರೆ ಕಾನೂನು ಯಾಕೆ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೇವರು ಇರುವುದು ಕೋಟು ನೇತುಹಾಕಲೆಂದು ಮಾಡಿದ ಗೂಡಿನಲ್ಲಿ. ಅದರ ಪಕ್ಕದಲ್ಲೇ, ನಾವು ನಿಂತರೆ ನಮ್ಮ ಎಡಕ್ಕೆ, ಹೀಟರಿನ ಗಾಳಿ ಬರುವ ಕಿಂಡಿ. ಶನಿವಾರ ಮಧ್ಯಾಹ್ನ ಯಾರೂ ಇಲ್ಲದಾಗ ಅಂಗಡಿಯಿಂದ ತಂದ ಸೇವಂತಿಗೆಯನ್ನು ಒದ್ದೆ ಮಾಡಿ, ದೇವರ ಕಿರೀಟದ ಮೇಲಿಟ್ಟು, ಹೀಟರು ಹಾಕಿ ನೋಡಿದೆ. ಗಾಳಿ ಬಂತು, ಹೂ ಬಲಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಲಕ್ಕೆ. ಶಾಲೆಯಲ್ಲಿ ಒಂದು ಪ್ರಯೋಗವನ್ನೂ ಸರಿಯಾಗಿ ಮಾಡದವನು ನಾನು. ಇದು ಪಾಸಾಯಿತು.

ಭಾನುವಾರ ಅಪ್ಪ ಮಡಿಯುಟ್ಟು ಹೂ ಇಟ್ಟರು. ಅಮ್ಮ ಕೈಮುಗಿದಳು. ತಂಗಿ ಒಂದು ಕೈಯಲ್ಲಿ ಫೋನು ಹಿಡಿದೇ ಕಣ್ಣು ಮುಚ್ಚಿದಳು. ನಾನು ಹಿಂದೆ ಸರಿದು, ಗೋಡೆಯ ಮೇಲಿನ ಗುಂಡಿಯನ್ನು ಬೆನ್ನಿನಿಂದಲೇ ಒತ್ತಿದೆ. ಏಪ್ರಿಲ್ಲಿನ ಸೆಕೆಯಲ್ಲಿ ಹೀಟರು ಗೊರಗೊರ ಎಂದಿತು. ಸೇವಂತಿಗೆ ಒಮ್ಮೆ ತಲೆಯಾಡಿಸಿ, ಪುಳಕ್ಕನೆ ಬಲಕ್ಕೆ ಬಿತ್ತು.

"ಬಲಕ್ಕೆ!" ಎಂದು ನಾನು ಕೂಗಿದೆ.

"ಎಡಕ್ಕೆ" ಎಂದಳು ಅಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು.

"ಬಲಕ್ಕೇ ಬಿತ್ತಲ್ಲಮ್ಮಾ! ನನ್ನ ಬಲಗೈ ನೋಡು, ಇದೇ ಕಡೆ!"

"ನಿನ್ನ ಬಲ ಯಾರಿಗೆ ಬೇಕು ಮಾರಾಯ? ದೇವರು ನಮ್ಮ ಕಡೆ ಮುಖ ಮಾಡಿ ಕೂತದ್ದು. ಅವನ ಎಡಕ್ಕೆ ಬಿದ್ದದ್ದು."

"ಮತ್ತೊಮ್ಮೆ ಕೇಳುವ ಅಪ್ಪಾ, ಗಾಳಿ ಇತ್ತು."

"ಹತ್ತನೇ ಕ್ಲಾಸು ಫೇಲಾದವ ದೇವರಿಗೆ ದಿಕ್ಕು ಹೇಳಿ ಕೊಡ್ತಾನೆ!" ಎಂದು ಅಪ್ಪ ಆರತಿ ಎತ್ತಿದರು. ಟ್ರಕ್ಕು ಮೆನ್ಲೋ ಪಾರ್ಕಿನಿಂದ ಹೊರಟುಹೋಯಿತು. ಬೆವರು ಒರೆಸಿಕೊಳ್ಳುತ್ತ ನಾನು ಮಂಗಳಾರತಿ ತೆಗೆದುಕೊಂಡೆ.

ಆಮೇಲೆ ನಡೆದದ್ದು ಇನ್ನೂ ಕಷ್ಟದ್ದು. ಸಂಜೆ ತಂಗಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಅಪ್ಪ ಅಮ್ಮ ದಿನವೂ ಹೀಟರಿಗಾಗಿ ಜಗಳವಾಡುತ್ತಾರೆಂದು ಅವಳೇ ಅದನ್ನು ತನ್ನ ಫೋನಿಗೆ ಜೋಡಿಸಿದ್ದಳು. ನಾನು ಗುಂಡಿ ಒತ್ತಿದ ಕ್ಷಣ ಅವಳ ಕೈಯಲ್ಲಿ ಫೋನು 'ಹೀಟರ್ ಆನ್' ಎಂದು ನಡುಗಿತ್ತು.

"ಅಣ್ಣಾ, ಇಟ್ ವಾಸ್ ಯು" ಎಂದಳು.

ನಾನೊಂದು ಸುಳ್ಳು ಹುಡುಕತೊಡಗಿದೆ. ಅಷ್ಟರಲ್ಲಿ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. "ನನಗೋಸ್ಕರ ಟ್ರಕ್ಕು ಬಿಟ್ಟೆಯಲ್ಲ! ಆಂಡ್ ದಟ್ ಆ್ಯಕ್ಟಿಂಗ್! 'ಬಲಕ್ಕೇ ಬಿತ್ತಲ್ಲಮ್ಮಾ' ಅಂತ! ಅಮ್ಮಂಗೆ ಒಂಚೂರೂ ಡೌಟ್ ಬರ್ಲಿಲ್ಲ!"

ಇದುವರೆಗೆ ಯಾರೂ ನನ್ನನ್ನು ಯಾವುದರಲ್ಲೂ ಜಾಣ ಎಂದಿರಲಿಲ್ಲ. ಸುಮ್ಮನೆ ಅವಳ ತಲೆ ಸವರಿದೆ. ನಾನು ಮಾಡಿದ ಮೋಸಗಳಲ್ಲಿ ಹೀಟರಿನದ್ದು ಸಣ್ಣದು, ಆ ಸವರಿದ್ದೇ ದೊಡ್ಡದು.

ಅವಳು ಹೋದಳು. ಅಪ್ಪ ಸಾಲ ಮಾಡಿದರು. ಅಲ್ಲಿಂದ ನನಗೊಂದು ಸ್ವೆಟ್‌ಶರ್ಟು ಕಳಿಸಿದಳು. ಎದೆಯ ಮೇಲೆ ಕಾಲೇಜಿನ ಹೆಸರು, ಅದರ ಕೆಳಗೆ 'ಬ್ರದರ್' ಎಂದು ದೊಡ್ಡ ಅಕ್ಷರ. ಹಾಕಿಕೊಂಡು ಅಂಗಡಿಗೆ ಹೋದರೆ, ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಗಿರಾಕಿಗಳು "ಓಓಓ" ಎನ್ನುತ್ತಿದ್ದರು. ಹಾಸ್ಟೆಲಿನ ಗೆಳತಿಯರಿಗೆಲ್ಲ ಅವಳು ನನ್ನ ತ್ಯಾಗದ ಕಥೆ ಹೇಳಿದ್ದಳಂತೆ. ಒಬ್ಬಳು ಅತ್ತಳಂತೆ. ಆ ಸ್ವೆಟ್‌ಶರ್ಟು ಎಲ್ಲೆಲ್ಲೋ ತುರಿಸುತ್ತಿತ್ತು, ಬಟ್ಟೆ ಒಳ್ಳೆಯದೇ ಆಗಿದ್ದರೂ.

ಡಿಸೆಂಬರ್ ರಜೆಗೆ ಬಂದವಳನ್ನು, ಅದೇ ಸ್ವೆಟ್‌ಶರ್ಟು ಹಾಕಿಕೊಂಡು ಹೋಗಿ, ಏರ್‌ಪೋರ್ಟಿನಿಂದ ಕರೆತಂದೆ. ನಮ್ಮ ಗರಾಜಿನಲ್ಲಿ ಕಾರು ನಿಲ್ಲಿಸುವ ಜಾಗ ಇಕ್ಕಟ್ಟು. ಅವಳು ಇಳಿದು, ಕಾರಿನ ಮುಂದೆ ನನಗೆ ಮುಖಮಾಡಿ ನಿಂತು, ಎರಡೂ ಕೈ ಎತ್ತಿ ದಾರಿ ತೋರಿಸತೊಡಗಿದಳು.

"ಬಲಕ್ಕೆ ಬಾ ಅಣ್ಣಾ. ಇನ್ನೂ ಬಲಕ್ಕೆ. ಬಲಕ್ಕೆ! ರೈಟ್! ರೈಟ್!"

ತಿರುಗಿಸಿದೆ. ಪಕ್ಕದ ಮನೆಯವರ ಕಸದ ಡಬ್ಬಿ ದಢಾರನೆ ಉರುಳಿತು.

ನಾನು ಕಿಟಕಿಯಿಂದ ತಲೆ ಹೊರಹಾಕಿ ಸಿಟ್ಟಿನಿಂದ ಕೂಗಿದೆ: "ಯಾರ ಬಲ ಮಾರಾಯ್ತಿ? ನಿನ್ನದಾ, ನನ್ನದಾ?"

ಅವಳ ಕೈಗಳು ಎತ್ತಿದ್ದಲ್ಲೇ ನಿಂತವು. ನನ್ನ ಕಡೆ ಮುಖ ಮಾಡಿ, ಹೆಡ್‌ಲೈಟಿನ ಬೆಳಕಿನಲ್ಲಿ, ಥೇಟು ಗೂಡಿನ ದೇವರಂತೆ. ನಿಧಾನವಾಗಿ ಒಂದು ಕೈ ಕೆಳಗಿಳಿಯಿತು, ಆಮೇಲೆ ಇನ್ನೊಂದು.

"ಅಣ್ಣಾ, ಅವತ್ತು ನೀನು ಯಾರ ಬಲ ಅಂದ್ಕೊಂಡಿದ್ದೆ?"

ನಾನು ಎಂಜಿನು ಆರಿಸಿದೆ. "ನನ್ನದು" ಎಂದೆ.

"ಸೋ, ಟ್ರಕ್ಕು?"

"ಟ್ರಕ್ಕು. ನೀನು ಸಾಕ್ಸು ಹಾಕಿ ನಡೆಯುವುದನ್ನು ನೋಡಿದ್ದೆ. ಆದ್ರೂ ಮಾಡಿದೆ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಬಿದ್ದ ಡಬ್ಬಿಯನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ಕಿಟಕಿಯ ಬಳಿ ಬಂದು ಕೈ ಚಾಚಿದಳು.

"ಸ್ವೆಟ್‌ಶರ್ಟ್ ಕೊಡು."

"ಇಲ್ಲಿಯಾ? ಚಳಿ ಉಂಟು."

"ಕೊಡು."

ಬಿಚ್ಚಿ ಕೊಟ್ಟೆ. ತನ್ನ ಜಾಕೆಟ್ಟಿನ ಮೇಲೆಯೇ ಅದನ್ನು ಏರಿಸಿಕೊಂಡು, ಸೂಟ್‌ಕೇಸು ಎಳೆಯುತ್ತ ಹೊರಟಳು. ಬನಿಯನ್ನಿನಲ್ಲಿ ನಡುಗುತ್ತ ನಾನು ಕಾರಿನ ಪಕ್ಕ ನಿಂತೆ. ಮೆಟ್ಟಿಲ ಹತ್ತಿರ ಅವಳು ನಿಂತು, ಫೋನು ತೆಗೆದು ಏನೋ ಒತ್ತಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಬಾ ಒಳಗೆ," ಎಂದಳು ತಿರುಗದೆಯೇ. "ಹೀಟರ್ ಆನ್ ಮಾಡಿದೀನಿ."