ಶಾಂತವ್ವನ ಹೆಬ್ಬೆರಳಿಗೆ ಯಾವ ಆಪರೇಷನ್?

೧೯೭೬ರಲ್ಲಿ ನಾನು ನವಲಗುಂದ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಮುಗಿಸಿ ಮೂರು ವರ್ಷವಾಗಿತ್ತು. ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ. ಜೋಳದ ರೊಟ್ಟಿ ತಿನ್ನಲು ಕಲಿತಿದ್ದೆ; ಬಡಿಯುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಈ ಅಜ್ಞಾನ ನನ್ನಿಂದ ಒಂದು ತಪ್ಪು ಮಾಡಿಸುವುದರಲ್ಲಿತ್ತು.

ಆ ವರ್ಷದ ಜುಲೈನಲ್ಲಿ ಶಾಂತವ್ವ ಬಂದರು. ವಯಸ್ಸು ಐವತ್ತನಾಲ್ಕು. ಅಣ್ಣಿಗೇರಿ ಸ್ಟೇಷನ್ನಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ವಿಧವೆ. ರೈಲ್ವೆಯವರು, ಮಾಸ್ತರರು, ಕಾಳಿನ ವ್ಯಾಪಾರಿಗಳು ಎಲ್ಲರೂ ಅವರ ರೊಟ್ಟಿ ತಿಂದೇ ಮುಂದೆ ಹೋಗುವವರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಂಟಿನಂತೆ ಊತ. ಒದ್ದೆ ಬಟ್ಟೆ ಹಿಂಡಿದರೆ, ಕೀಲಿ ತಿರುಗಿಸಿದರೆ ಪ್ರಾಣ ಹೋಗುವಂಥ ನೋವು. ಎಕ್ಸ್‌ರೇ ನೋಡಿದೆ. ಮಣಿಕಟ್ಟಿನ ಬಳಿ ಟ್ರೆಪೀಜಿಯಂ ಎಂಬ ಚಿಕ್ಕ ಮೂಳೆಯಿದೆ. ಹೆಬ್ಬೆರಳು ತಿರುಗುವುದು ಅದರ ಮೇಲೆಯೇ. ಆ ಕೀಲು ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ಗುಳಿಗೆ, ಪಟ್ಟಿ, ಎರಡು ಇಂಜೆಕ್ಷನ್, ಎಲ್ಲವೂ ಆಗಲೇ ಮುಗಿದಿದ್ದವು.

ಉಳಿದದ್ದು ಆಪರೇಷನ್. ಆಗ ನಮ್ಮ ಕೈಲಾಗುತ್ತಿದ್ದುದು ಎರಡು. ಒಂದು ಆರ್ಥ್ರೋಡೆಸಿಸ್, ಅಂದರೆ ಕೀಲನ್ನು ತಂತಿ ಹಾಕಿ ಬೆಸೆದುಬಿಡುವುದು. ನೋವು ಹೋಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ, ಆದರೆ ಬುಡ ಮತ್ತೆ ಅಲುಗುವುದಿಲ್ಲ. ಇನ್ನೊಂದು, ಟ್ರೆಪೀಜಿಯಂ ಮೂಳೆಯನ್ನೇ ತೆಗೆದುಹಾಕುವುದು. ಚಲನೆ ಉಳಿಯುತ್ತದೆ; ಬಲ ಮಾತ್ರ ನಿಧಾನವಾಗಿ, ಕಡಿಮೆಯೇ ಮರಳುತ್ತದೆ. ವಿದೇಶದಲ್ಲಿ ಸಿಲಿಕೋನ್ ಮೂಳೆ ಕೂರಿಸುತ್ತಾರೆಂದು ಓದಿದ್ದೆ, ಕಣ್ಣಿನಿಂದ ಕಂಡಿರಲಿಲ್ಲ.

ಹಿಂದಿನ ವರ್ಷ ಮಿಶ್ರಿಕೋಟಿಯ ಕಲ್ಲುಕುಟಿಗನೊಬ್ಬನಿಗೆ ಕೀಲು ಬೆಸೆದಿದ್ದೆ. ನಾಲ್ಕೇ ತಿಂಗಳಲ್ಲಿ ಸುತ್ತಿಗೆ ಹಿಡಿದಿದ್ದ. ಆ ಹುಮ್ಮಸ್ಸಿನಲ್ಲೇ ಶಾಂತವ್ವನಿಗೂ ಅದನ್ನೇ ಹೇಳಿದೆ.

ಆಕೆ ಮೇಜಿನ ಮೇಲೆ ಅಂಗೈ ಊರಿ, ನೋವಿಗೆ ಹಲ್ಲು ಕಚ್ಚಿ, ಹೆಬ್ಬೆರಳನ್ನು ಪಕ್ಕಕ್ಕೆ ಚಾಚಿದರು. "ಕೈ ಹಿಂಗ ಸಪಾಟ ಕುಂದರ್ತದೇನ್ರಿ?"

"ಇಲ್ಲ, ಅಷ್ಟು ಚಪ್ಪಟೆ ಆಗುವುದಿಲ್ಲ" ಎಂದೆ.

"ಹಂಗಾದ್ರ ಬ್ಯಾಡ್ರಿ ಸಾಹೇಬ್ರ. ನೋವು ಇದ್ರ ಇರ್ಲಿ" ಎಂದು ಎದ್ದೇಬಿಟ್ಟರು.

ನನಗೆ ಸಿಟ್ಟು ಬಂತು. ಆದರೂ ಅಂಗೈ ಚಪ್ಪಟೆಯಾಗುವುದು ಅವರಿಗೇಕೆ ಅಷ್ಟು ಮುಖ್ಯವೆಂದು ನೋಡಲು ಮುಂದಿನ ರವಿವಾರ ಅಣ್ಣಿಗೇರಿಗೆ ಹೋಗಿ ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಿಟ್ಟಿನ ಉಂಡೆಯ ಮೇಲೆ ಅಂಗೈ ಪೂರ್ತಿ ಚಪ್ಪಟೆಯಾಗಿ ಬೀಳುತ್ತಿತ್ತು. ಪ್ರತಿ ಪೆಟ್ಟಿಗೂ ಹೆಬ್ಬೆರಳು ಹೊರಗೆ ಸರಿದು, ಮತ್ತೆ ಒಳಗೆ ಬಂದು ರೊಟ್ಟಿಯ ಅಂಚನ್ನು ತಿರುಗಿಸುತ್ತಿತ್ತು. ಆಕೆಯ ಕಣ್ಣಲ್ಲಿ ನೀರಿತ್ತು, ಕೈ ನಿಲ್ಲಲಿಲ್ಲ. ಆ ಕೀಲನ್ನು ಬೆಸೆದಿದ್ದರೆ ಈ ಕೈಯಿಂದ ರೊಟ್ಟಿಯನ್ನೇ ಕಿತ್ತುಕೊಂಡಂತಾಗುತ್ತಿತ್ತು.

ಅಲ್ಲಿಯೇ ಎರಡನೆಯ ದಾರಿ ವಿವರಿಸಿದೆ. "ಹೆಬ್ಬೆರಳು ಸ್ವಲ್ಪ ಗಿಡ್ಡವಾಗುತ್ತದೆ. ಆರು ತಿಂಗಳು ಬಲ ಇರುವುದಿಲ್ಲ. ಆಮೇಲೂ ಸಾಲದೆ ಹೋಗಬಹುದು."

"ಆರ ತಿಂಗ್ಳ ನಾ ಕಾಯ್ತೀನ್ರಿ. ನೀವೂ ಕಾಯ್ರಿ ಮತ್ತ" ಎಂದರು.

ಹುಬ್ಬಳ್ಳಿಯಲ್ಲಿದ್ದ ನನ್ನ ಹಿರಿಯ ಸರ್ಜನ್ನರಿಗೆ ಇದು ಒಪ್ಪಿಗೆಯಾಗಲಿಲ್ಲ. "ಮೂಳಿ ತಗದ್ರ ಹೆಬ್ಬೆರಳು ಜೋತು ಬೀಳ್ತದ. ದುಡಿಯೋ ಹೆಣ್ಮಗಳು, ಬಲಾ ಬೇಕು. ಬೆಸದ ಬಿಡ್ರಿ" ಎಂದರು. ಅವರ ಮಾತು ಮೀರಿದ್ದು ಅದೇ ಮೊದಲು.

ಆಗಸ್ಟಿನಲ್ಲಿ ಆಪರೇಷನ್ ಮಾಡಿದೆ. ತೋಳನ್ನು ಮಾತ್ರ ಮರಗಟ್ಟಿಸಿದ್ದರಿಂದ ಶಾಂತವ್ವ ಎಚ್ಚರವಾಗಿದ್ದು, ಮೂಳೆಯ ತುಣುಕುಗಳನ್ನು ತಟ್ಟೆಯಲ್ಲಿ ನೋಡಿ, "ಇಷ್ಟ ಸಣ್ಣದಕ್ಕ ಇಷ್ಟ ತ್ರಾಸೇನ್ರಿ!" ಎಂದರು. ಐದು ವಾರ ಪ್ಲಾಸ್ಟರ್. ಖಾನಾವಳಿಯನ್ನು ಅವರ ತಂಗಿ ನೋಡಿಕೊಂಡಳು. ಮೂರನೆಯ ತಿಂಗಳಲ್ಲಿ ಬಂದಾಗ ಒಂದು ಚಮಚ ಹಿಡಿಯಲೂ ಬರುತ್ತಿರಲಿಲ್ಲ. ನಾನು ಧೈರ್ಯ ಹೇಳಿ ಕಳಿಸಿದೆ. ನನಗೆ ಧೈರ್ಯ ಹೇಳುವವರು ಯಾರೂ ಇರಲಿಲ್ಲ. ಐದನೆಯ ತಿಂಗಳಲ್ಲಿ ಹಿಟ್ಟು ನಾದಿದರು. ಏಳನೆಯ ತಿಂಗಳಲ್ಲಿ ಮತ್ತೆ ಒಲೆಯ ಮುಂದೆ ಕೂತರು.

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಡೆದ ಡಾಕ್ಟರುಗಳ ಸಭೆಗೆ ಆಕೆಯನ್ನು ಕರೆದೊಯ್ದೆ. ನನ್ನ ಹಿರಿಯ ಸರ್ಜನ್ನರು ಆಕೆಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಕಾಗದ ಇಟ್ಟು ಎಳೆದರು. ಕಾಗದ ಸರಕ್ಕನೆ ಬಂತು. "ನಾ ಹೇಳಿದ್ದಿಲ್ಲೇನು, ಬಲಾ ಇಲ್ಲ" ಎಂದರು. ನಾನು ತಲೆ ತಗ್ಗಿಸಿದೆ.

ಶಾಂತವ್ವ ತಗ್ಗಿಸಲಿಲ್ಲ. "ಕಾಗದಾ ಹಿಡಿಯೂದು ನನ್ನ ಕೆಲಸ ಅಲ್ರಿ. ಹಿಟ್ಟು, ಬಿಸಿನೀರು ಕೊಡ್ರಿ" ಎಂದರು.

ಇಡೀ ಸಭೆ ಆಸ್ಪತ್ರೆಯ ಅಡುಗೆಮನೆಗೆ ಹೋಯಿತು. ಆಕೆ ಸೆರಗು ಸಿಕ್ಕಿಸಿ ಕೂತು ಬಡಿಯತೊಡಗಿದರು. ಅಂಗೈ ಚಪ್ಪಟೆಯಾಗಿ ಬಿತ್ತು, ಹೆಬ್ಬೆರಳು ಹೊರಗೆ ಸರಿಯಿತು, ಒಳಗೆ ಬಂತು. ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲ. ಹಂಚಿನ ಮೇಲೆ ರೊಟ್ಟಿ ಬುರಬುರನೆ ಉಬ್ಬಿತು. ಹಿರಿಯರು ಅದನ್ನು ಮುರಿದು ತಿಂದು, ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತರು. "ಇನ್ನೊಂದು ಬಡೀರಿ ಶಾಂತವ್ವ. ಈ ಸಲ ರೊಟ್ಟಿ ನೋಡೂದಿಲ್ಲ, ನಿಮ್ಮ ಕೈ ನೋಡ್ತೀನಿ" ಎಂದರು. ಆ ದಿನದ ನನ್ನ ಸಂತೋಷವನ್ನು ಮುಂದೆ ಯಾವ ಬಡ್ತಿಯೂ ಕೊಡಲಿಲ್ಲ.

ಯಾವ ಆಪರೇಷನ್ ಉತ್ತಮ ಎಂದು ಕಿರಿಯರು ಈಗಲೂ ಕೇಳುತ್ತಾರೆ. ಕಲ್ಲುಕುಟಿಗನಿಗೆ ಬೆಸೆದದ್ದೂ ಸರಿ, ಶಾಂತವ್ವನಿಗೆ ಮೂಳೆ ತೆಗೆದದ್ದೂ ಸರಿ. ಆಮೇಲಿನ ವರ್ಷಗಳಲ್ಲಿ ಕೈ ನೋವೆಂದು ಬಂದವರನ್ನು ನಾನು "ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿ ಸುಮ್ಮನಾಗಲಿಲ್ಲ. "ಮಾಡಿ ತೋರಿಸಿ" ಎಂದೆ.